ಮೂಲೆ ಹರಿದ ಕಾರ್ಡಿನ ಬೆನ್ನು ಹತ್ತಿ

ಕುಷ್ಟಗಿ: ಹೊರಗಿನ ಮಾಡ

ನಮ್ಮ ಆಯಿ ಹುಲಿಗೆವ್ವ ನನ್ನ ತಾಯಿಯ ತಾಯಿ. ತೊಂಬತ್ತು ದಾಟಿದ್ದಾಳೆ. ಹೋದ ಬೇಸಿಗೆಯಲ್ಲಿ ಒಂದು ದಿನ ನನ್ನನ್ನು ಕರೆದು, ತನ್ನ ತಂದೆಯ ಟ್ರಂಕನ್ನು ಮುಂದೆ ತಳ್ಳಿ, "ಇದನ್ನ ಇನ್ಮ್ಯಾಲ ನೀ ಇಟ್ಕೋ" ಎಂದಳು. ಬಂಗಾರ ಇದ್ದೀತು ಎಂದು ಆಸೆಯಿಂದ ಮುಚ್ಚಳ ತೆಗೆದೆ. ಇದ್ದದ್ದು ಪೋಸ್ಟ್ ಕಾರ್ಡು. ಒಂದಲ್ಲ ಎರಡಲ್ಲ, ನಲವತ್ತೊಂದು ಚಿತ್ರದ ಕಾರ್ಡು. ಅರಮನೆಯ ಮೆಟ್ಟಿಲು, ಜಲಪಾತ, ಹಡಗುಕಟ್ಟೆ, ಕೆರೆಯ ನಡುವಿನ ಮಂಟಪ. ಜೋಳದ ಹೊಲ, ದಾಳಿಂಬೆ ತೋಟ ನೋಡಿಯೇ ಬೆಳೆದ ನನ್ನ ಕಣ್ಣಿಗೆ ಅವೆಲ್ಲ ದೇವಲೋಕದ ಹಾಗೆ ಕಂಡವು.

ಆಯಿಯ ತಂದೆ, ಅಂದರೆ ನನ್ನ ಮುತ್ತಜ್ಜ ಯಮನಪ್ಪ, ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ. ಅದು ನಿಜಾಮರ ಕಾಲ. ಆಯಿಗೆ ನಾಲ್ಕು ವರ್ಷವಿದ್ದಾಗ ಒಂದು ಕಂಪನಿಯ ಜೊತೆ ಮದ್ರಾಸಿಗೆ ಹೋದವನು ಅಲ್ಲಿಂದ ಸಿಲೋನಿಗೆ, ಈಗಿನ ಶ್ರೀಲಂಕಾಕ್ಕೆ ದಾಟಿದ. ಮರಳಿ ಬರಲಿಲ್ಲ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಹೀಗಾಗಿ ವಿಳಾಸ ಯಾರೋ ಬರೆದುಕೊಟ್ಟದ್ದು. ಉಳಿದ ಜಾಗದಲ್ಲಿ ಅಕ್ಷರದ ಬದಲು ಪೆನ್ಸಿಲ್ಲಿನ ಸಣ್ಣ ಚಿತ್ರ. ಅನ್ನದ ರಾಶಿಯ ಮುಂದೆ ಮುಖ ಸಿಂಡರಿಸಿ ಕೂತ ಮನುಷ್ಯ: ಇಲ್ಲಿ ರೊಟ್ಟಿ ಸಿಗುವುದಿಲ್ಲ. ಹಡಗಿನ ಅಂಚಿಗೆ ಜೋತುಬಿದ್ದ ಮನುಷ್ಯ: ಹೊಟ್ಟೆ ತೊಳಸುತ್ತಿದೆ. ಒಂದು ಪುಟ್ಟ ಪಾದ, ಪಕ್ಕದಲ್ಲಿ ಗೇಣು ಹಾಕಿ ಅಳೆಯುವ ಕೈ: ಮಗಳು ಎಷ್ಟು ಬೆಳೆದಳು? ಇವನ್ನೆಲ್ಲ ಆಯಿಯೇ ನನಗೆ ಓದಿ ಹೇಳಿದಳು.

ಆದರೆ ಆಕೆಗೆ ತಿಳಿಯದ್ದು ಒಂದು ನನಗೆ ತಿಳಿಯಿತು. ಪ್ರತಿ ಚಿತ್ರದ ಮೇಲೂ ಪೆನ್ಸಿಲ್ಲಿನಲ್ಲಿ ಚೌಕ ಚೌಕ ಗೆರೆ ಎಳೆದಿತ್ತು. ಹುಡುಗರ ಕಿತಾಪತಿ ಎಂದು ಮನೆಯವರೆಲ್ಲ ತಿಳಿದಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ನೋಡಿದ ಕೂಡಲೇ ಹೊಳೆಯಿತು. ಸಣ್ಣ ಚೌಕದಲ್ಲಿದ್ದುದನ್ನು ದೊಡ್ಡ ಚೌಕಕ್ಕೆ ಏರಿಸಿ ಪರದೆಯ ತುಂಬ ಬರೆಯುವ ಅಳತೆ ಅದು. ಪರದೆ ಮುಗಿದ ಮೇಲೆ ಕಾರ್ಡು ಮನೆಗೆ ಬರುತ್ತಿತ್ತು. ಸಾಲಿಯ ಮೆಟ್ಟಿಲು ಹತ್ತದ ಮನುಷ್ಯ ಇಷ್ಟು ಕರಾರುವಾಕ್ಕಾಗಿ ಗೆರೆ ಎಳೆದಿದ್ದನ್ನು ಕಂಡು ನಾನು ದಂಗಾದೆ.

"ಇನ್ನೊಂದು ಕಾರ್ಡ್ ಐತಿ," ಎಂದಳು ಆಯಿ. "ಅದು ಹೊರಗೈತಿ."

ನಮ್ಮ ಕಡೆ ಹಿಂದೆ ಒಂದು ರೂಢಿ ಇತ್ತು. ಮದುವೆ, ಬಾಣಂತನದ ಸುದ್ದಿಯಾದರೆ ಕಾರ್ಡಿನ ನಾಲ್ಕು ಮೂಲೆಗೂ ಅರಿಷಿಣ ಹಚ್ಚಿ ಕಳಿಸುತ್ತಿದ್ದರು. ಸಾವಿನ ಸುದ್ದಿಯಾದರೆ ಒಂದು ಮೂಲೆ ಹರಿದು ಕಳಿಸುತ್ತಿದ್ದರು. ಓದು ಬಾರದವರಿಗೂ ಕಾರ್ಡು ಕೈಗೆ ಬಂದ ಕ್ಷಣವೇ ತಿಳಿಯಬೇಕು ಎಂದು. ಮೂಲೆ ಹರಿದ ಕಾರ್ಡನ್ನು ಹೊಸ್ತಿಲೊಳಗೆ ತರುವಂತಿಲ್ಲ. ಆಯಿಗೆ ಎಂಟು ವರ್ಷವಿದ್ದಾಗ ಸಿಲೋನಿನಿಂದ ಅಂಥದ್ದೊಂದು ಬಂತು. ಅದರಲ್ಲಿ ಯಮನಪ್ಪನ ಚಿತ್ರ ಇರಲಿಲ್ಲ. ಯಾರದೋ ಕೈಬರಹ ಇತ್ತು. ಮಾಸ್ತರು ನೋಡಿ ತೆಲುಗು ಇರಬೇಕು ಎಂದರಂತೆ, ಗಂಗಾವತಿ ಕಡೆಯ ತೆಲುಗಿನವರು ನೋಡಿ ನಮ್ಮದಲ್ಲ ಎಂದರಂತೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

"ಓದಾಕ ಯಾರ್ ಬೇಕಾಗಿತ್ತು? ಮೂಲಿ ಹೋಗಿತ್ತಲ್ಲ," ಎಂದಳು ಆಯಿ. "ನಮ್ಮವ್ವ ಹೊಸ್ತಿಲ ಮ್ಯಾಲ ಕುಂತು ಬಳಿ ಒಡಕೊಂಡ್ಳು. ಆ ಸಪ್ಪಳ ಇನ್ನೂ ಕಿವ್ಯಾಗ ಐತಿ. ದಿನಕರ್ಮ ಎಲ್ಲಾ ಮುಗದ ಮ್ಯಾಲ ನಮ್ಮ ಸ್ವಾದರಮಾವ ಆ ಊರಿಗೆ ಒಂದು ಉತ್ತರಾನೂ ಹಾಕಿದ. ಅಲ್ಲಿಂದ ಮುಂದ ಏನೂ ಬರಲಿಲ್ಲ."

ಬಾಗಿಲ ಹೊರಗೆ, ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ಮಾಡವಿದೆ. ದೀಪ ಇಡುವ ಮಾಡ ಎಂದೇ ನಾನು ತಿಳಿದಿದ್ದೆ. ಅದರ ಹಿಂಬದಿಯ ಕಲ್ಲು ಸರಿಸಿದರೆ ಮೇಣಬಟ್ಟೆಯಲ್ಲಿ ಸುತ್ತಿದ ಆ ಕಾರ್ಡು. ಎಂಬತ್ತು ಚಿಲ್ಲರೆ ವರ್ಷ ಮನೆಯ ಗೋಡೆಯಲ್ಲೇ ಇದ್ದೂ ಒಳಗೆ ಬಂದಿರಲಿಲ್ಲ. ನನ್ನ ಮೊಬೈಲಿನಿಂದ ಓದಿಸಲು ನೋಡಿದೆ. ಅದು "ಬೆಕ್ಕು ಭಾನುವಾರ ಹೊರಟಿತು" ಎಂದಿತು.

"ಓದಿಸ್ಕೊಂಡು ಬಾ, ಯವ್ವಾ. ಎಂದು ಸತ್ತ, ಹೆಂಗ ಸತ್ತ, ಬಾಯಾಗ ನೀರ್ ಬಿಡಾಕ ಯಾರರ ಇದ್ರೋ ಇಲ್ಲೋ. ಅಷ್ಟು ತಿಳಕೊಂಡು ಕಣ್ ಮುಚ್ಚತೀನಿ," ಎಂದಳು ಆಯಿ. ಕೈ ಮುಗಿಯುವಂತೆ ಹೇಳಿದಳು, ಅದನ್ನು ನೋಡಿ ತಡೆಯಲಾಗದೆ ಹೊರಟೇಬಿಟ್ಟೆ.

ಕೊಲಂಬೊ: ರೊಟ್ಟಿಯ ವಿಚಾರಣೆ

ನಮ್ಮ ಯಜಮಾನರು ಸರಕಾರಿ ಬಸ್ ಓಡಿಸಿ ನಿವೃತ್ತರಾದವರು. ಸ್ಟೇರಿಂಗ್ ತಮ್ಮ ಕೈಯಲ್ಲಿಲ್ಲದ ಯಾವ ವಾಹನದ ಮೇಲೂ ಅವರಿಗೆ ನಂಬಿಕೆಯಿಲ್ಲ. ವಿಮಾನ ಇಳಿಯುವ ತನಕ ಬಲಗಾಲಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರು.

ಕೊಲಂಬೊದಲ್ಲಿ ನಮ್ಮ ಚೀಲವನ್ನು ಬದಿಗೆ ಎಳೆದರು. ಅದರಲ್ಲಿ ಐವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಮುತ್ತಜ್ಜ ಅನ್ನದ ಮುಂದೆ ಅಳುಮುಖ ಮಾಡಿ ಕೂತ ಚಿತ್ರ ನೋಡಿ ಇವರು ತೆಗೆದುಕೊಂಡ ಮುಂಜಾಗ್ರತೆ. ಅಧಿಕಾರಿ ಗುರೆಳ್ಳು ಪುಡಿಯನ್ನು ಮೂಸಿದ, ರೊಟ್ಟಿಯನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ತಟ್ಟಿದ. ಇವರು ತಾಳ್ಮೆಗೆಟ್ಟು ಒಂದು ಚೂರು ಮುರಿದು ಚಟ್ನಿ ಹಚ್ಚಿ ಅವನ ಮುಂದೆ ಹಿಡಿದರು.

"ತಿಂದ್ ನೋಡಪಾ. ಬಾಂಬ್ ಅಲ್ಲ, ಬಾಯಿರುಚಿ."

ಅವನು ತಿಂದ. ಕಣ್ಣಲ್ಲಿ ನೀರು ಬಂತು. ಎರಡೂ ಕೈ ಜೋಡಿಸಿ "ಆಯುಬೋವನ್" ಎಂದು ನಮ್ಮನ್ನು ಬಿಟ್ಟ. ಅದು ಅಲ್ಲಿಯ ನಮಸ್ಕಾರ. ಆಯುಷ್ಯ ಇರಲಿ ಎಂದು ಅರ್ಥವಂತೆ. ಸತ್ತವನ ಸುದ್ದಿ ಹುಡುಕಿ ಬಂದ ನನಗೆ ಆ ದೇಶದ ಮೊದಲ ಮಾತು ಅದಾಗಿತ್ತು.

ಗಾಲ್ ರಸ್ತೆ: ಎಡಕ್ಕೆ ಕಡಲು ಬಂದಾಗ

ಕಾರ್ಡಿನ ತುದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಊರಿನ ಹೆಸರಿತ್ತು. ದಕ್ಷಿಣದ ತೀರದಲ್ಲಿ, ಗಾಲ್ ದಾಟಿ ಮುಂದೆ. ಅಲ್ಲಿ ನಮ್ಮನ್ನು ಕರೆದು ಕೂರಿಸಿದ ಮನೆಯವರು ಕೇಳಿಕೊಂಡಿದ್ದರಿಂದ ಊರಿನ ಹೆಸರು ಇಲ್ಲಿ ಹೇಳುವುದಿಲ್ಲ.

ಬಸ್ಸು ಸಮುದ್ರದ ಮಗ್ಗುಲಲ್ಲೇ ಹೋಗುತ್ತದೆ ಎಂದಿದ್ದರು. ಒಂದು ತಾಸು ಹೋದೆವು, ನೀರಿಲ್ಲ. ಕಡೆಗೆ ಸಮುದ್ರ ಕಂಡಿತು, ಆದರೆ ಎಡಗಡೆ. ದಕ್ಷಿಣಕ್ಕೆ ಹೊರಟವರಿಗೆ ಅದು ಬಲಕ್ಕಿರಬೇಕು. ಭೂಪಟವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದೆ: ನಾವು ಉತ್ತರಕ್ಕೆ ಹೊರಟಿದ್ದೆವು. ಬಸ್ಸು ಹಿಡಿದದ್ದು ಯಜಮಾನರು. ಜೀವಮಾನವೆಲ್ಲ ಬಸ್ಸಿನಲ್ಲಿ ಕಳೆದವರು ತಪ್ಪು ಬಸ್ಸು ಹತ್ತಿಸಿದ್ದನ್ನು ನಾನು ಇನ್ನೂ ಹತ್ತು ವರ್ಷ ಆಡಿಕೊಳ್ಳುವವಳಿದ್ದೇನೆ.

"ಬೋರ್ಡ್ ಓದಾಕ ಬರಬೇಕಲ್ಲ," ಎಂದು ಗೊಣಗಿದರು. "ಅಕ್ಷರ ನೋಡಿದ್ರ ನಮ್ಮವ ಕಂಡಂಗ ಕಾಣ್ತಾವು, ಹತ್ರ ಹೋದ್ರ ಮಾರಿ ತಿರುಗಿಸ್ತಾವು."

ಮಾಸ್ತರು ಮೋಸ ಹೋದದ್ದೂ ಹೀಗೆಯೇ ಇರಬೇಕು. ದುಂಡಗಿನ ಅಕ್ಷರ, ನಮ್ಮ ದಾಯಾದಿಯ ಮಕ್ಕಳ ಹಾಗೆ.

ಇಳಿದು, ಸರಿಯಾದ ಬಸ್ಸು ಹಿಡಿದೆವು. ಅಲ್ಲಿಯ ಖಾಸಗಿ ಬಸ್ಸಿನವರ ಓಟ ನೋಡಿ ಇವರ ಕೈ ತಾನಾಗಿ ಗಿಯರ್ ಹುಡುಕುತ್ತಿತ್ತು. ನಾನು ಮಾತ್ರ ಕಿಟಕಿ ಬಿಡಲಿಲ್ಲ. ನಮ್ಮಲ್ಲಿ ಹೊಲದ ಬದು ಇರುವಷ್ಟು ಹತ್ತಿರಕ್ಕೆ ಅಲ್ಲಿ ಕಡಲು ಬಂದು ನಿಂತಿರುತ್ತದೆ. ಅಷ್ಟು ನೀರು, ಅದರ ತುದಿಯಲ್ಲಿ ಇನ್ನೂ ಅಷ್ಟೇ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಹಾದಿ ಕಾಯುವ ಊರಿನ ಯಮನಪ್ಪ ಇದನ್ನು ನೋಡಿ ಎಷ್ಟು ಹೊತ್ತು ಕೂತಿದ್ದನೋ.

ವಿಹಾರ: ಮೋಡದ ಮೇಲಿನ ಇಬ್ಬರು

ಊರಿನಲ್ಲಿ ಕಾರ್ಡು ತೋರಿಸಿ, ಭಾರತದಿಂದ ಬಂದು ಪರದೆ ಬರೆಯುತ್ತಿದ್ದವನ ಸುದ್ದಿ ಕೇಳಿದೆವು. ಅಂಗಡಿಯವನು ಅಕ್ಷರ ಓದುವ ಮೊದಲೇ, ಬೇರೆ ದೇಶದ ಹಳೆಯ ಚಿತ್ರಗಾರನೇ ಎಂದು ಕೇಳಿ ವಿಹಾರದ ಕಡೆ ಕೈ ಮಾಡಿದ. ಅಲ್ಲಿ ಹೂವಿನ ತಟ್ಟೆ ಜೋಡಿಸುತ್ತಿದ್ದ ಸಂಧ್ಯಾ ಎಂಬ ಯುವತಿ ನಮಗೆ ಸಿಕ್ಕಳು. ಆಸ್ಪತ್ರೆಯಲ್ಲಿ ನರ್ಸ್, ಅಂದು ರಜೆ. ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಒಂದೇ ತೂಕದವು, ಹಾಗಾಗಿ ಮಾತು ಸಲೀಸಾಯಿತು.

ಒಳಗೆ ಹೋಗುತ್ತಲೇ ಯಜಮಾನರು ಬುದ್ಧನಿಗೆ ಬೆನ್ನು ಹಾಕಿ ನಿಂತು ಫೋಟೊ ಹೊಡೆದುಕೊಳ್ಳಲು ಹೊರಟರು. ಅಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೆ ಚೀರಿದರು. ಮೂರ್ತಿಗೆ ಬೆನ್ನು ತೋರಿಸುವುದು ಅಲ್ಲಿ ದೊಡ್ಡ ಅಪಚಾರವಂತೆ. ಇವರು ಗಾಬರಿಯಾಗಿ ಉದ್ದಂಡ ಅಡ್ಡಬಿದ್ದರು. ಎಲ್ಲರೂ ನಕ್ಕರು.

ಆಮೇಲೆ ನಾನು ತಲೆ ಎತ್ತಿದೆ.

ಗೋಡೆಯ ತುಂಬ, ಛಾವಣಿಯ ತುಂಬ ಚಿತ್ರ. ಅದರಲ್ಲೊಂದು ಅರಮನೆಯ ಮೆಟ್ಟಿಲು, ನಮ್ಮ ಟ್ರಂಕಿನ ಕಾರ್ಡಿನದೇ ಮೆಟ್ಟಿಲು. ಆ ಜಲಪಾತ. ಕೆರೆಯ ನಡುವಿನ ಅದೇ ಮಂಟಪ. ಅಂಗೈಯಗಲದ ಕಾರ್ಡುಗಳು ಆಳೆತ್ತರವಾಗಿ ನನ್ನ ಸುತ್ತ ನಿಂತಿದ್ದವು. ಕಂಪನಿ ಮುರಿದ ಮೇಲೆ ಇಲ್ಲಿಯವರು ಅವನನ್ನು ಗೋಡೆ ಬರೆಯಲು ಕರೆದರು ಎಂದಳು ಸಂಧ್ಯಾ. ಅವನನ್ನು ಎಲ್ಲರೂ ಸಿತ್ತರ ಮಾಮಾ ಎನ್ನುತ್ತಿದ್ದರಂತೆ. ಸಿತ್ತರ ಎಂದರೆ ಅವರಲ್ಲಿ ಚಿತ್ರ ಬರೆಯುವವನು. ಮಾಮಾ ಎಂದರೆ ನಮ್ಮಲ್ಲಿ ಏನೋ ಅಲ್ಲೂ ಅದೇ.

ಪೂರ್ವದ ಗೋಡೆಯ ಕುಂಚದ ಎಳೆತ ಬಲಕ್ಕೆ ವಾಲಿತ್ತು. ಪಶ್ಚಿಮದ ಗೋಡೆಯಲ್ಲಿ ಎಲ್ಲ ಎಡಕ್ಕೆ. ಇಬ್ಬರು ಬರೆದದ್ದೇ ಎಂದು ಕೇಳಿದೆ. ಇಲ್ಲ, ಒಬ್ಬನೇ, ನಡುವೆ ಬಲಗೈ ಮುರಿಯಿತು ಎಂದಳು.

ಆ ಪಶ್ಚಿಮದ ಗೋಡೆಯ ತುದಿಯಲ್ಲಿ ಮೋಡಗಳ ಮೇಲೆ ದೇವತೆಗಳ ಸಾಲು. ಎಲ್ಲರೂ ಅಲ್ಲಿಯ ಉಡುಗೆಯವರು. ಒಬ್ಬಳನ್ನು ಬಿಟ್ಟು. ಅವಳದು ಇಳಕಲ್ ಸೀರೆ. ಕೆಂಪು ಸೆರಗಿನಲ್ಲಿ ಬಿಳಿ ತೆನೆ ಎಣಿಸುವಷ್ಟು ಸ್ಪಷ್ಟ. ಅವಳ ಕೈ ಹಿಡಿದು ನಾಲ್ಕು ವರ್ಷದ ಹುಡುಗಿ, ಹುಡುಗಿಯ ಇನ್ನೊಂದು ಕೈಯಲ್ಲಿ ಜೋಳದ ತೆನೆ. ಈ ಧಾನ್ಯ ಯಾವುದು ಎಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದಳು ಸಂಧ್ಯಾ. ನನಗೆ ಗೊತ್ತಿತ್ತು. ಹುಡುಗಿಯ ಗಲ್ಲದ ಗುಳಿಯೂ ಗೊತ್ತಿತ್ತು, ಅದು ಈಗಲೂ ಕುಷ್ಟಗಿಯ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತದೆ. ನಾನು ಅಲ್ಲೇ ನೆಲದ ಮೇಲೆ ಕೂತೆ.

"ಈ ಸಾಲಿನಲ್ಲಿ ಇರುವವರು ಯಾರು?" ಎಂದು ಕೇಳಿದೆ.

"ಸತ್ತು ಸ್ವರ್ಗಕ್ಕೆ ಹೋದವರು," ಎಂದಳು.

ಹುಲಿಗಿಯ ಮನೆ: ಸೂರಿನ ಕೆಳಗೆ

ಕಾರ್ಡನ್ನು ಓದಲು ಸಂಧ್ಯಾ ಒಪ್ಪಲಿಲ್ಲ. ಹಳೆಯ ಬರಹ, ತನ್ನ ಅಜ್ಜಿಯೇ ಓದಬೇಕು ಎಂದು ಮನೆಗೆ ಕರೆದೊಯ್ದಳು. ತೆಂಗಿನ ತೋಟದ ನಡುವೆ ಹಂಚಿನ ಮನೆ. ಓಣಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಯಾರನ್ನೋ ಕೂಗಿದಳು. "ಹುಲಿಗಿ ಆಚ್ಚಿ! ಹುಲಿಗಿ ಆಚ್ಚಿ!"

ಯಜಮಾನರು ಗಕ್ಕನೆ ನಿಂತರು. "ಏನಂದ್ಳು ಆಕಿ?"

ಆಚ್ಚಿ ಎಂದರೆ ಅಜ್ಜಿ. ಹುಲಿಗಿ ಎಂದರೆ? ಅದು ತನ್ನ ಅಜ್ಜಿಯ ಮುದ್ದಿನ ಹೆಸರು, ಅರ್ಥ ಗೊತ್ತಿಲ್ಲ, ಸಿತ್ತರ ಮಾಮಾ ಇಟ್ಟದ್ದು ಎಂದಳು ಸಂಧ್ಯಾ. ನಮ್ಮ ಹೊಳೆದಂಡೆಯ ದೇವಿ ಹುಲಿಗೆಮ್ಮನ ಹೆಸರು, ನಮ್ಮ ಆಯಿಯ ಹೆಸರು, ಕಡಲಾಚೆಯ ತೆಂಗಿನ ತೋಪಿನಲ್ಲಿ ಒಬ್ಬಳ ಮೈಗೆ ಅಂಟಿಕೊಂಡು ಎಂಬತ್ತು ವರ್ಷ ಬದುಕಿತ್ತು.

ಹುಲಿಗಿ ಆಚ್ಚಿ ಆಯಿಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು. ಬಾಯಲ್ಲಿ ಹಲ್ಲಿಲ್ಲ, ಕಣ್ಣು ಮಾತ್ರ ಚುರುಕು. ಕಾರ್ಡು ಕೈಗೆ ಬರುತ್ತಲೇ ಅದನ್ನು ಎದೆಗೆ ಒತ್ತಿಕೊಂಡಳು. ಅದು ಅವಳ ಅಪ್ಪನ ಕೈಬರಹ. ಅಪ್ಪ ಶಾಲೆಯ ಮಾಸ್ತರ. ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಸಾಲು ಓದಿದಳು, ಸಂಧ್ಯಾ ಹೇಳುತ್ತ ಹೋದಳು:

"ನಿಮ್ಮವರು ಅಟ್ಟಣಿಗೆಯಿಂದ ಬಿದ್ದು ಬಲಗೈ ಮುರಿದಿದೆ. ಜೀವಕ್ಕೆ ಭಯವಿಲ್ಲ. ಚಿತ್ರ ಬರೆಯಲಾಗದ್ದಕ್ಕೆ ಅವರ ಪರವಾಗಿ ನಾನು ಬರೆಯುತ್ತಿದ್ದೇನೆ. ಅನ್ನ ಬೇಡ ಎನ್ನುತ್ತಾರೆ, ಉಳಿದಂತೆ ಆರೋಗ್ಯ. ಮಗಳ ಹೆಸರನ್ನು ದಿನವೂ ಹೇಳುತ್ತಾರೆ. ಗೋಡೆ ಮುಗಿದ ಕೂಡಲೇ ಊರಿಗೆ ಹೊರಡುತ್ತಾರೆ."

ನಾನು ಕಾರ್ಡನ್ನು ಈಸಿಕೊಂಡು ಮೂಲೆ ನೋಡಿದೆ. ಇಷ್ಟು ದಿನ ನೋಡಿರಲಿಲ್ಲ, ನೋಡುವುದೇ ಅಪಶಕುನ ಎಂಬ ಹೆದರಿಕೆ ನನಗೂ ಇತ್ತು. ಅದು ಹರಿದದ್ದಲ್ಲ, ಬ್ಲೇಡಿನಿಂದ ಕೊಯ್ದದ್ದು. ಎರಡು ಅಂಚು ಸೇರುವಲ್ಲಿ ನೆಟ್ಟಗಿನ ಲಂಬಕೋನ, ಪಕ್ಕದಲ್ಲಿ ಅಂಚೆ ಮುದ್ರೆಯ ಅರ್ಧ ವರ್ತುಲ. ದಾರಿಯಲ್ಲಿ ಯಾವನೋ ಒಬ್ಬ ಸ್ಟಾಂಪಿನ ಆಸೆಗೆ ಮೂಲೆ ಕತ್ತರಿಸಿಕೊಂಡಿದ್ದ. ಅಷ್ಟಕ್ಕೇ ನನ್ನ ಮುತ್ತಜ್ಜಿ ತಿಪ್ಪವ್ವ ಹೊಸ್ತಿಲ ಮೇಲೆ ಕೂತು ಬಳೆ ಒಡೆದುಕೊಂಡಳು, ಜೀವ ಇರುವ ತನಕ ಬಿಳಿ ಸೀರೆ ಉಟ್ಟಳು.

ಸಂಕಟಕ್ಕಿಂತ ಮೊದಲು ಸಿಟ್ಟು ಬಂತು. "ಜೀವಂತ ಇದ್ದವನು ಯಾಕೆ ಬರಲಿಲ್ಲ?"

ಹುಲಿಗಿ ಆಚ್ಚಿ ಎದ್ದು, ನನ್ನ ಕೈ ಹಿಡಿದು ಹೊರಗೆ ಕರೆದೊಯ್ದಳು. ಹಿತ್ತಲಿನ ಒಂದು ಕೋಣೆ, ಸಿತ್ತರ ಮಾಮಾ ಇದ್ದದ್ದು. ಅದರ ಸೂರಿನ ಕೆಳಗೆ, ಬಾಗಿಲ ಹೊರಗೆ, ಕುಂಚ ಇಡುವ ಬಿದಿರಿನ ಕೊಳವೆ ತೂಗುತ್ತಿತ್ತು. ಬಾಯಿಗೆ ಮೇಣ. ಅದರೊಳಗೆ ಒಂದು ಕಾರ್ಡು ಇದೆ, ಅವರ ಊರಿನಿಂದ ಬಂದದ್ದು, ಒಳಗೆ ಒಯ್ಯಬೇಡಿ ಎಂದು ಅವರು ಕೈ ಮುಗಿದು ಹೇಳಿದ್ದರು, ಯಾಕೆಂದು ನಮಗೆ ಗೊತ್ತಿಲ್ಲ ಎಂದಳು. ಹಂಚು ಮೂರು ಸಲ ಬದಲಾಗಿತ್ತು. ಮೂರು ಸಲವೂ ಅದನ್ನು ಇಳಿಸಿ, ಒಳಗೆ ಒಯ್ಯದೆ, ಮತ್ತೆ ಅಲ್ಲೇ ಕಟ್ಟಿದ್ದರು. ಅರ್ಥವೇ ಗೊತ್ತಿಲ್ಲದ ನಮ್ಮ ರೂಢಿಯೊಂದನ್ನು ಈ ಜನ ತಮ್ಮ ದೇವರ ಹಾಗೆ ಕಾದಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮೇಣ ಬಿಡಿಸಿ ತೆಗೆದೆ. ಕನ್ನಡ. ಆಯಿಯ ಸೋದರಮಾವ ಹಾಕಿದ ಉತ್ತರ. ಆ ಮನೆಯಲ್ಲಿ ಅದನ್ನು ಓದಿದವಳು ನಾನೇ ಮೊದಲಿಗಳು.

"ನಿಮ್ಮ ಕಾಗದ ಮುಟ್ಟಿತು. ದಿನಕರ್ಮಗಳನ್ನೆಲ್ಲ ಮಾಡಿ ಮುಗಿಸಿದೆವು. ಮಗಳು ಸಣ್ಣವಳು. ಅವರ ಕುಂಚ ಏನಾದರೂ ಉಳಿದಿದ್ದರೆ ಕಳಿಸಿ ಪುಣ್ಯ ಕಟ್ಟಿಕೊಳ್ಳಬೇಕು."

ರೂಢಿಯಂತೆ ಮಾವ ಒಂದು ಮೂಲೆ ಹರಿದಿದ್ದ. ಕೈಯಿಂದ ಹರಿದದ್ದು, ಅಂಚಿನಲ್ಲಿ ನಾರು ಎದ್ದಿತ್ತು. ಯಮನಪ್ಪನಿಗೆ ಓದು ಬಾರದು. ಓದಿ ಹೇಳುವ ಕನ್ನಡಿಗರು ಅಲ್ಲಿಲ್ಲ. ಅವನು ಓದಿದ್ದು ಮೂಲೆಯನ್ನು ಮಾತ್ರ. ಹೆಂಡತಿಯೋ, ಮಗಳೋ ಎಂದು ಮೂಲೆ ಹೇಳುವುದಿಲ್ಲ. ಅವನು ಇಬ್ಬರನ್ನೂ ಮೋಡದ ಮೇಲೆ ಬರೆದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಮ್ಮೆ ಊರಿಗೆಂದು ಹೊರಟು, ಭಾರತಕ್ಕೆ ದಾಟುವ ಮನ್ನಾರಿನ ಹಡಗುಕಟ್ಟೆಯ ತನಕ ಹೋಗಿ, ತಿರುಗಿ ಬಂದನಂತೆ. ಅದಾಗಿ ಹನ್ನೆರಡು ವರ್ಷದ ಮೇಲೆ ಒಂದು ಮುಂಜಾನೆ ಸತ್ತ. ಬಾಯಿಗೆ ನೀರು ಬಿಟ್ಟವಳು ಹುಲಿಗಿ ಆಚ್ಚಿಯೇ.

ಅವಳ ಅಪ್ಪನ ಕೈಬರಹದ ಕಾರ್ಡನ್ನು ಅವಳಿಗೇ ಬಿಟ್ಟು ಬರಲು ನೋಡಿದೆ. ತಲೆ ಅಲ್ಲಾಡಿಸಿದಳು. "ಇದು ನಿಮ್ಮ ಮನೆಗೆ ಬರೆದದ್ದು. ಇನ್ನೂ ಮುಟ್ಟಿಲ್ಲ, ಮುಟ್ಟಿಸು." ಆಮೇಲೆ ಕೊಳವೆ ತೋರಿಸಿ, ಇದನ್ನು ಇನ್ನಾದರೂ ಒಳಗೆ ಒಯ್ಯಬಹುದೇ ಎಂದು ಕೇಳಿದಳು. ನನ್ನ ಅಧಿಕಾರವಲ್ಲ, ನಮ್ಮ ಆಯಿಯನ್ನು ಕೇಳಬೇಕು ಎಂದೆ.

ಹೊರಡುವಾಗ ಯಜಮಾನರು ಉಳಿದ ರೊಟ್ಟಿಯನ್ನೆಲ್ಲ ಅವಳ ಮುಂದಿಟ್ಟರು. ಅವಳು ಒಂದನ್ನು ಮುರಿದು, ತೆಂಗಿನ ಹಾಲಿನಲ್ಲಿ ನೆನೆಸಿ, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಆಡಿಸಿದಳು. ಮಾಮಾ ಬೆರಳಿನಿಂದ ಗಾಳಿಯಲ್ಲಿ ತಟ್ಟಿ ತೋರಿಸುತ್ತಿದ್ದದ್ದು ಇದೇ ಏನು ಎಂದು ಕೇಳಿದಳು.

ಮತ್ತೆ ಕುಷ್ಟಗಿ: ಹೊಸ್ತಿಲು

ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ಹೊಯ್ದಾಡಿದೆ. ಸತ್ತ ದಿನ ಕೇಳಿದ ಮುದುಕಿಗೆ, ನಿನ್ನ ಅಪ್ಪ ಬದುಕಿದ್ದ, ನಿನ್ನ ಅವ್ವ ಸುಮ್ಮನೆ ಬಳೆ ಒಡೆದುಕೊಂಡಳು ಎಂದು ಹೇಗೆ ಹೇಳುವುದು? "ಖರೇನ ಹೇಳು," ಎಂದರು ಯಜಮಾನರು. "ಸುಳ್ಳು ಹೇಳಾಕ ಅಷ್ಟು ದೂರ ಯಾಕ ಹೋಗಿದ್ವಿ?"

ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಕಾರ್ಡು ಹೊರಗೇ ಇರಬೇಕಲ್ಲ, ನಾನೂ ಹೊರಗೇ ಕೂತೆ. ಎಲ್ಲವನ್ನೂ ಹೇಳಿದೆ, ಒಂದನ್ನೂ ಮುಚ್ಚಲಿಲ್ಲ. ಮೊಬೈಲಿನಲ್ಲಿ ಗೋಡೆಯ ಚಿತ್ರ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ನಮ್ಮವ್ವನ ಸೀರಿ," ಎಂದಳು. "ಅವನೇ ತಂದು ಕೊಟ್ಟಿದ್ದ." ಆಮೇಲೆ ಹುಡುಗಿಯ ಮೇಲೆ ಬೆರಳಿಟ್ಟು, "ನನ್ನ ಅವಾಗ್ಲೆ ಸ್ವರ್ಗಕ್ಕ ಕಳಿಸ್ಯಾನಲ್ಲ ಹುಚ್ಚಪ್ಪ. ಮುಂಗಡ ಸೀಟ್ ಹಿಡದಾನ" ಎಂದು ನಕ್ಕಳು. ನಗುತ್ತಲೇ ಅತ್ತಳು.

"ಮನ್ನಾರ್ ತನಕ ಬಂದು ಯಾಕ ತಿರುಗಿದನೋ," ಎಂದೆ.

"ಹೆದರ್ಯಾನ. ಖಾಲಿ ಮನಿ ನೋಡಾಕ ಯಾರಿಗೆ ಧೈರ್ಯ ಐತಿ?"

ಇನ್ನೊಬ್ಬ ಹುಲಿಗಿಯ ಸಂಗತಿಗೆ ಮಾತ್ರ ಅವಳ ಮುಖ ಬಿಗಿಯಿತು. ನನ್ನ ಹೆಸರನ್ನು ಪರರ ಕೂಸಿಗೆ ಕೊಟ್ಟನೇ ಎಂಬ ಹೊಟ್ಟೆಕಿಚ್ಚು ತೊಂಬತ್ತರಲ್ಲೂ ಬಂತು. ಆಮೇಲೆ ತಾನೇ ಸಮಾಧಾನವಾದಳು. "ಇರಲಿ ಬಿಡು. ಕರಿಯಾಕ ಒಂದು ಹೆಸರು ಬೇಕಾಗಿತ್ತು ಅವಗ. ನೀರ್ ಬಿಟ್ಟಾಳಲ್ಲ, ಆಕಿನೂ ಮಗಳ."

ಸೊಸೆಯನ್ನು ಕೂಗಿ ಅರಿಷಿಣ ತರಿಸಿದಳು. ನನ್ನ ಅಂಗೈಯ ಮೇಲೆ ಕಾರ್ಡು ಇಡಿಸಿ, ಬೆರಳಿನಿಂದ ಒಂದೊಂದೇ ಮೂಲೆಗೆ ಹಚ್ಚಿದಳು. ಒಂದು, ಎರಡು, ಮೂರು. ನಾಲ್ಕನೆಯ ಮೂಲೆ ಇರಲಿಲ್ಲ. ಅವಳು ನಿಲ್ಲಿಸಲಿಲ್ಲ, ಅದು ಇರಬೇಕಾದ ಜಾಗಕ್ಕೂ ಹಚ್ಚಿದಳು. ಅರಿಷಿಣ ನನ್ನ ಅಂಗೈಗೆ ಹತ್ತಿತು.

"ಆ ಹುಲಿಗಿಗೆ ಫೋನ್ ಹಚ್ಚು," ಎಂದಳು. "ಅಲ್ಲಿದ್ದದ್ದನ್ನೂ ಒಳಗ ಇಡಾಕ ಹೇಳು."

ಕಂಬ ಹಿಡಿದು ಎದ್ದು, ಹೊಸ್ತಿಲು ದಾಟಿ ಒಳಗೆ ನಿಂತು, ಮನೆಗೆ ಬಂದ ಬೀಗರನ್ನು ಕರೆಯುವ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಬಾರೋ ಯಪ್ಪಾ, ಒಳಗ ಬಾ."

ನಾನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲು ಮುಂದಿಟ್ಟು ಒಳಗೆ ಹೋದೆ.